ಗೆರೆ ಕಣ್ಣೆದುರೇ ಇತ್ತು
ಮೂಢನಂಬಿಕೆಗೆಲ್ಲ ಬುದ್ಧಿ ಸಾಲದ್ದೇ ಕಾರಣ ಅಂತ ಸುಲಭವಾಗಿ ಹೇಳಿಬಿಡ್ತೀವಿ. 1951ರಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ಪ್ರಕಟಿಸಿದ ಪ್ರಯೋಗ ನೋಡಿ: ಒಂದು ಕಾರ್ಡಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಸಮ ಇರೋದು ಯಾವುದು, ಇಷ್ಟೇ ಪ್ರಶ್ನೆ. ಮಗುವೂ ಹೇಳೀತು. ಆದರೆ ಪ್ರತಿ ಗುಂಪಲ್ಲೂ ನಿಜವಾಗಿ ಪರೀಕ್ಷೆಗೊಳಗಾದವರು ಒಬ್ಬರೇ; ಜೊತೆಗಿದ್ದವರೆಲ್ಲ ಆಶ್ ಜೊತೆ ಮೊದಲೇ ಮಾತಾಡಿಕೊಂಡು 18 ಸುತ್ತಲ್ಲಿ 12 ಸಲ ಬೇಕಂತಲೇ ತಪ್ಪು ಹೇಳಿದರು. ಆ ಸುತ್ತುಗಳಲ್ಲಿ, ಪಾಪ, ಗುಟ್ಟು ಗೊತ್ತಿಲ್ಲದವರ ಉತ್ತರಗಳಲ್ಲೂ ಸುಮಾರು ಮೂರನೇ ಒಂದು ಪಾಲು ಗುಂಪಿನ ಕಡೆಗೇ ವಾಲಿತು. ಬಾಯಲ್ಲಿ ಹೇಳಬೇಡಿ, ಬರೆದುಕೊಡಿ ಅಂದಾಗ ತಪ್ಪು ಬಹಳ ಇಳಿಯಿತು. ಅಂದರೆ ಕಣ್ಣಿಗೇನೂ ಆಗಿರಲಿಲ್ಲ. ಸರಿ ಹೇಳುವ ಇನ್ನೊಬ್ಬ ಜೊತೆಗಿದ್ದರೂ ಧೈರ್ಯ ಬರುತ್ತಿತ್ತು. ಎಲ್ಲರೆದುರು ಪುರಾವೆ ತಂದು ಸುರಿದರೆ ಮನುಷ್ಯ ಪಟ್ಟು ಬಿಡದೇ ಇರೋದಕ್ಕೆ ಇದೂ ಒಂದು ಕಾರಣ ಇರಬಹುದು. ನಂಬಿಕೆ ಬಿಟ್ಟರೆ ಬಳಗವೂ ಕೈಬಿಡಬಹುದಲ್ಲ! ಒಬ್ಬರೇ ಇದ್ದಾಗ, ಮೆಲ್ಲಗೆ ಕೇಳಿ ನೋಡಿ.