ಬೇರೆ ಕಾರಿನಲ್ಲಿ ಪಳಗಿದ ಗೇರು

ನನ್ನ ಕಾರಿನ ಹಿಂದಿನ ಆಕ್ಸಲ್‌ನಲ್ಲಿ ಈಗ ತಿರುಗುತ್ತಿರುವ ಡಿಫರೆನ್ಷಿಯಲ್ ಗೇರುಗಳು, ಅಂದರೆ ಎಂಜಿನ್ನಿನ ಕಡೆಯಿಂದ ತಿರುಗುವ ಚಿಕ್ಕ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಕ್ರೌನ್, ಹೊಸವಲ್ಲ. ಬೇರೊಬ್ಬರ ಕಾರಿನಲ್ಲಿ ಓಡಿದ್ದವು. ಅವರು ಅದಕ್ಕಿಂತಲೂ ಚುರುಕಾದ ಅನುಪಾತ ಬೇಕೆಂದು ಬಿಚ್ಚಿಸಿದಾಗ ನನ್ನ ಕೈಗೆ ಬಂದವು. ಬಳಸಿದ ಡಿಫರೆನ್ಷಿಯಲ್ ಗೇರು ಹಾಕಿಸಿದರೆ ಕೂಗದೆ ಬಿಡುವುದಿಲ್ಲ ಎಂದು ಕಾರಿನ ಹುಚ್ಚಿರುವ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು. ನನ್ನದು ಕೂಗುತ್ತಿಲ್ಲ. ಅದಕ್ಕೆ ಕಾರಣ ಗೇರಿಗಿಂತ ಹೆಚ್ಚಾಗಿ ಅದನ್ನು ಕೂರಿಸಿದ ಮೆಕ್ಯಾನಿಕ್. ಅವರು ಏನು ಮಾಡಿದರು ಎಂಬುದು ಬಳಸಿದ ಗೇರು ಕೊಳ್ಳಲು ಹೊರಟವರಿಗೆಲ್ಲ ತಿಳಿದಿರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಗೇರು ಬದಲಿಸಬೇಕಾಗಿ ಬಂದದ್ದೇಕೆ ಎಂಬುದು. ಕಾರಿನ ಜೊತೆ ಬಂದಿದ್ದ ಅನುಪಾತ 3.08. ಕ್ರೌನ್‌ನಲ್ಲಿ 40 ಹಲ್ಲು, ಪಿನಿಯನ್‌ನಲ್ಲಿ 13. ಹೆದ್ದಾರಿಯಲ್ಲಿ ಎಂಜಿನ್ನಿಗೆ ಆಯಾಸವಾಗದಂತೆ, ಪೆಟ್ರೋಲ್ ಉಳಿಯುವಂತೆ ತಯಾರಕರು ಆರಿಸಿದ ಲೆಕ್ಕ ಅದು. ನನ್ನ ಎಂಜಿನ್ನಿಗೆ ಹಾಕಿಸಿರುವ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡ) ನಿಮಿಷಕ್ಕೆ 3000 ಸುತ್ತು ದಾಟಿದ ಮೇಲೆಯೇ ಮೈಕೊಡವಿ ಏಳುವಂಥದ್ದು. ಹೀಗಾಗಿ ಎರಡನೇ ಗೇರಿನಲ್ಲಿ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಕಾರು ಯೋಚಿಸುತ್ತ ನಿಲ್ಲುತ್ತಿತ್ತು. ನಾನು ಹಾಕಿಸಿದ ಜೋಡಿಯ ಅನುಪಾತ 3.73, ಅಂದರೆ 41 ಹಲ್ಲಿನ ಕ್ರೌನ್, 11 ಹಲ್ಲಿನ ಪಿನಿಯನ್. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ಆದರೆ ಚಕ್ರಕ್ಕೆ ತಲುಪುವ ತಿರುಚುಬಲ ಪ್ರತಿ ಗೇರಿನಲ್ಲೂ ಶೇಕಡಾ 21ರಷ್ಟು ಹೆಚ್ಚುತ್ತದೆ. ಅದಕ್ಕೆ ತೆರುವ ಬೆಲೆಯೂ ಅಷ್ಟೇ. ಟೈರಿನ ಸುತ್ತಳತೆ 2 ಮೀಟರ್, ಐದನೇ ಗೇರಿನ ಅನುಪಾತ 0.80 ಎಂದಿಟ್ಟುಕೊಂಡರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮೊದಲು ಸುಮಾರು 2050 ಸುತ್ತು ತಿರುಗುತ್ತಿದ್ದ ಎಂಜಿನ್ ಈಗ ಸುಮಾರು 2490 ಸುತ್ತು ತಿರುಗಬೇಕು. ದಿನವಿಡೀ ಹೆದ್ದಾರಿಯಲ್ಲೇ ಓಡಿಸುವವರಿಗೆ ಇದನ್ನು ನಾನು ಹೇಳುವುದಿಲ್ಲ. ತಿರುವುಗಳ ರಸ್ತೆಯನ್ನೇ ಹುಡುಕಿಕೊಂಡು ಹೋಗುವ ನನ್ನಂಥವರಿಗೆ ಈ ಕೊಡುಕೊಳ್ಳುವಿಕೆ ಒಪ್ಪುತ್ತದೆ.

ಹೊಸದನ್ನೇ ಕೊಳ್ಳಬಹುದಿತ್ತು. ಉಳಿತಾಯ ಒಂದು ಕಾರಣ ನಿಜ, ಆದರೆ ಅದಕ್ಕಿಂತ ದೊಡ್ಡ ಕಾರಣ ಈ ಜೋಡಿಯ ಸದ್ದನ್ನು ಬಿಚ್ಚುವ ಮುಂಚೆಯೇ ಕೇಳುವ ಅವಕಾಶ ಸಿಕ್ಕಿದ್ದು. ಮಾರುವವರು ತಮ್ಮ ಕಾರಿನಲ್ಲಿ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಓಡಿಸಿದರು. ಹಿಂದಿನ ಸೀಟೆಂದರೆ ಆಕ್ಸಲ್ಲಿನ ನೆತ್ತಿಯ ಮೇಲೆಯೇ ಕುಳಿತಂತೆ. ವೇಗ ಏರಿಸುವಾಗ, ಒಂದೇ ವೇಗದಲ್ಲಿ ಹಿಡಿದು ನಡೆಸುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದು ಕಾರನ್ನು ತಾನಾಗಿ ಉರುಳಲು ಬಿಟ್ಟಾಗ, ಮೂರೂ ಸ್ಥಿತಿಯಲ್ಲಿ ಕಿವಿಗೊಟ್ಟು ಕೇಳಿದೆ. ಹಲ್ಲಿನ ದೋಷವಿದ್ದರೆ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ, ನಿರ್ದಿಷ್ಟ ವೇಗದಲ್ಲಿ, ಕೀರಲು ದನಿ ಏಳುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಬಿಟ್ಟಾಗ ಅದು ಬದಲಾಗುತ್ತದೆ. ಬೇರಿಂಗ್ ಸವೆದಿದ್ದರೆ ಗುರುಗುಟ್ಟುವ ಸದ್ದು ವೇಗದ ಜೊತೆ ಏರಿಳಿಯುತ್ತದೆಯೇ ಹೊರತು ಕಾಲು ಒತ್ತುವುದಕ್ಕೂ ಬಿಡುವುದಕ್ಕೂ ಅಷ್ಟಾಗಿ ಸ್ಪಂದಿಸುವುದಿಲ್ಲ. ಆ ಕಾರಿನಲ್ಲಿ ಟೈರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಡಬ್ಬದಲ್ಲಿ ಬರುವ ಹೊಸ ಗೇರಿಗೆ ಈ ಸಾಕ್ಷಿ ಇರುವುದಿಲ್ಲ.

ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಿಂದಲೇ ಜೋಡಿಯಾಗಿ ಬರುತ್ತವೆ. ಎರಡನ್ನೂ ಒಟ್ಟಿಗೆ ತಿರುಗಿಸಿ, ನಡುವೆ ನುಣ್ಣನೆಯ ಉಜ್ಜುಪುಡಿಯ ಲೇಹ್ಯ ಹಾಕಿ ಒಂದಕ್ಕೊಂದು ಹೊಂದುವಂತೆ ಸವೆಸಿ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೆತ್ತಿರುತ್ತಾರೆ. 41ಕ್ಕೂ 11ಕ್ಕೂ ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಭಾಜಕವಿಲ್ಲ. ಆದ್ದರಿಂದ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಕ್ರೌನಿನ ಪ್ರತಿಯೊಂದು ಹಲ್ಲನ್ನೂ ಸರದಿಯಂತೆ ಭೇಟಿಯಾಗುತ್ತದೆ, ಸವೆತ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ. ಇವು ಹೈಪಾಯ್ಡ್ ಗೇರುಗಳು, ಅಂದರೆ ಪಿನಿಯನ್ನಿನ ಅಕ್ಷ ಕ್ರೌನಿನ ಕೇಂದ್ರಕ್ಕಿಂತ ಕೆಳಗಿರುತ್ತದೆ. ಪ್ಯಾಕಾರ್ಡ್ ಕಂಪನಿ 1926ರಲ್ಲಿ ಕಾರುಗಳಿಗೆ ತಂದ ಏರ್ಪಾಡು ಇದು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ತಗ್ಗಿತು, ಕಾರಿನ ನೆಲ ತಗ್ಗಿತು, ಹಲ್ಲುಗಳ ಹಿಡಿತ ಗಟ್ಟಿಯಾಯಿತು, ಸದ್ದು ಕಡಿಮೆಯಾಯಿತು. ಆದರೆ ಹಲ್ಲುಗಳು ಬರಿದೆ ಉರುಳುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಹಾಗೆ ಜಾರುತ್ತ ಜಾರುತ್ತ, ಬೀಸುವ ಕಲ್ಲಿನ ಎರಡು ಹೋಳುಗಳಂತೆ, ಎರಡೂ ತಮಗೆ ಬೇಕಾದ ಜಾಗವನ್ನು ಮಾಡಿಕೊಳ್ಳುತ್ತವೆ. ಬಳಸಿದ ಗೇರಿನ ಗುಟ್ಟೆಲ್ಲ ಈ ಜಾಗದಲ್ಲಿದೆ. ಹೊಸ ಕಾರಿನಲ್ಲಿ ಅವನ್ನು ಅದೇ ಜಾಗಕ್ಕೆ ತಂದು ಕೂರಿಸಿದರೆ ಮೌನ. ಕೂದಲೆಳೆಯಷ್ಟು ಆಚೀಚೆಯಾದರೆ ಸವೆದ ಭಾಗದ ಅಂಚು ಸವೆಯದ ಭಾಗಕ್ಕೆ ತಾಗಿ ಕೂಗು.

ಈ ಕೆಲಸಕ್ಕೆ ಮೆಕ್ಯಾನಿಕ್ ಹುಡುಕಿದಾಗ ಒಬ್ಬರು ಬಳಸಿದ ಗೇರನ್ನು ಮುಟ್ಟುವುದೇ ಇಲ್ಲ ಎಂದರು. ಅವರ ನಿಲುವನ್ನು ಗೌರವಿಸುತ್ತೇನೆ. ನಾಳೆ ಸದ್ದು ಬಂದರೆ ಹೊಣೆ ಅವರ ತಲೆಗೆ ಬರುತ್ತದೆ. ಇನ್ನೊಬ್ಬರು ಅಳತೆಯ ಗೋಜೇ ಬೇಡ, ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ಸಾಕು, ಸಂಜೆಯೊಳಗೆ ಕೊಡುತ್ತೇನೆ ಎಂದರು. ಅವರಿಗೆ ಕೈಮುಗಿದು ಬಂದೆ. ಕೊನೆಗೆ ಒಪ್ಪಿಕೊಂಡ ಹಿರಿಯರು ಗೇರನ್ನು ನೋಡುವ ಮೊದಲೇ ಕೇಳಿದ್ದು ಎರಡು ಪ್ರಶ್ನೆ: "ಬಿಚ್ಚುವ ಮೊದಲು ಬ್ಯಾಕ್‌ಲ್ಯಾಷ್ ಎಷ್ಟಿತ್ತು, ಅಳೆದಿದ್ದಾರೆಯೇ? ಪಿನಿಯನ್ನಿನ ಶಿಮ್ ಜೊತೆಯಲ್ಲೇ ಇದೆಯೇ?" ಬ್ಯಾಕ್‌ಲ್ಯಾಷ್ ಅಂದರೆ ಹಲ್ಲುಗಳ ನಡುವಿನ ಸಡಿಲ, ಶಿಮ್ ಅಂದರೆ ಅಳತೆ ಹೊಂದಿಸಲು ಇಡುವ ತೆಳು ಬಿಲ್ಲೆ. ಎರಡಕ್ಕೂ ನನ್ನ ಬಳಿ ಉತ್ತರವಿತ್ತು. ಅವರ ಮುಖ ಅರಳಿತು. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಲೇ ಎಂದು ಕೇಳಿದೆ. ಮಾತಾಡದಿದ್ದರೆ ಆಗಬಹುದು ಎಂದರು.

ಮೊದಲು ಜೋಡಿ ಸಂಖ್ಯೆಯನ್ನು ಟಾರ್ಚ್ ಹಿಡಿದು ತಾಳೆ ನೋಡಿದರು. ಆಮೇಲೆ ಪ್ರತಿ ಹಲ್ಲನ್ನೂ ಒರೆಸಿ, ಉಗುರಿನಿಂದ ಗೀರಿ ಪರೀಕ್ಷಿಸಿದರು. ಗುಳಿ ಬಿದ್ದಿದ್ದರೆ, ಅಂಚು ಚಕ್ಕೆ ಎದ್ದಿದ್ದರೆ, ಬಿಸಿಗೆ ನೀಲಿ ತಿರುಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರಂತೆ. ಪಿನಿಯನ್ ಎಷ್ಟು ಆಳಕ್ಕೆ ಹೋಗಿ ಕ್ರೌನನ್ನು ಕೂಡುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಬೇರಿಂಗಿನ ಹಿಂದಿರುವ ತೆಳ್ಳನೆಯ ಶಿಮ್. ಹಳೆಯ ಶಿಮ್ಮನ್ನೇ ಹಾಕಿದರೆ ಸಾಲದೇ ಎಂದು ನನ್ನ ಮನಸ್ಸಿನಲ್ಲಿದ್ದದ್ದನ್ನು ಅವರೇ ಊಹಿಸಿ ಹೇಳಿದರು: ಆ ಶಿಮ್ ಹಳೆಯ ಕಾರಿನ ಹೌಸಿಂಗಿಗೆ, ಅಂದರೆ ಗೇರು ಕೂರುವ ಕವಚಕ್ಕೆ, ಸರಿ, ನಿಮ್ಮ ಹೌಸಿಂಗ್ ಬೇರೆ, ಅದನ್ನು ಕೊರೆದ ಅಳತೆಯಲ್ಲಿ ಅಷ್ಟೋ ಇಷ್ಟೋ ವ್ಯತ್ಯಾಸ ಇದ್ದೇ ಇರುತ್ತದೆ, ಹಳೆಯದರಿಂದ ಶುರು ಮಾಡೋಣ, ಹಲ್ಲು ಏನು ಹೇಳುತ್ತದೋ ನೋಡೋಣ. ಶಿಮ್ ಬದಲಿಸುವಾಗಲೆಲ್ಲ ಬೇರಿಂಗನ್ನು ಪ್ರೆಸ್‌ನಿಂದ ಎಳೆದರೆ ಅದು ಹಾಳಾಗುತ್ತದೆ. ಅದಕ್ಕಾಗಿ ಅವರು ಒಂದು ಹಳೆಯ ಬೇರಿಂಗಿನ ಒಳರಂಧ್ರವನ್ನು ಉಜ್ಜಿ, ಕೈಯಿಂದಲೇ ಜಾರಿಸಿ ತೆಗೆಯುವಷ್ಟು ಸಡಿಲ ಮಾಡಿ ಇಟ್ಟುಕೊಂಡಿದ್ದರು. ಹೊಂದಾಣಿಕೆ ಮುಗಿಯುವವರೆಗೆ ಅದು. ಕೊನೆಯಲ್ಲಿ ಹೊಸ ಬೇರಿಂಗ್.

ಹಲ್ಲು ಏನು ಹೇಳಿತು ಎಂಬುದನ್ನು ಕಣ್ಣಾರೆ ಕಂಡೆ. ಕ್ರೌನಿನ ಕೆಲವು ಹಲ್ಲುಗಳಿಗೆ ಹಳದಿ ಬಣ್ಣದ ಗುರುತು ಲೇಪವನ್ನು ಕುಂಚದಿಂದ ತೆಳುವಾಗಿ ಬಳಿದು, ಒಂದು ಕೈಯಿಂದ ಪಿನಿಯನ್ ತಿರುಗಿಸುತ್ತ ಇನ್ನೊಂದು ಕೈಯಿಂದ ಕ್ರೌನನ್ನು ಬಟ್ಟೆಯಲ್ಲಿ ಒತ್ತಿಹಿಡಿದು ತಡೆಯೊಡ್ಡಿದರು. ಹಾಗೆ ಭಾರ ಬೀಳದಿದ್ದರೆ ಗುರುತು ಸರಿಯಾಗಿ ಮೂಡುವುದಿಲ್ಲ. ಹಲ್ಲು ತಾಗಿದ ಕಡೆ ಲೇಪ ಅಳಿಸಿ ಉಕ್ಕು ಕಾಣುತ್ತದೆ. ಆ ಗುರುತು ಹಲ್ಲಿನ ಬುಡದ ಕಡೆಗಿದ್ದರೆ ಪಿನಿಯನ್ ಹೆಚ್ಚು ಒಳಗೆ ಹೋಗಿದೆ, ತುದಿಯ ಕಡೆಗಿದ್ದರೆ ಹೊರಗೆ ಉಳಿದಿದೆ ಎಂದರ್ಥ. ಇಷ್ಟನ್ನು ನಾನೂ ಓದಿ ತಿಳಿದಿದ್ದೆ. ಆದರೆ ಅವರು ಗುರುತು ಹಲ್ಲಿನ ನಡುವೆ ಬಂದಿದೆಯೇ ಎಂದು ನೋಡಿ ಸುಮ್ಮನಾಗಲಿಲ್ಲ. ಲೇಪ ಬಳಿಯದ ಪಕ್ಕದ ಹಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದು, ವರ್ಷಗಳ ಓಟದಿಂದ ಅದರ ಮೇಲೆ ಹೊಳಪು ಬಂದಿದ್ದ ಪಟ್ಟಿಯನ್ನು ನನಗೆ ತೋರಿಸಿದರು. ಹಳೆಯ ಹೊಳಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ಹೊಸ ಗುರುತೂ ಅಲ್ಲೇ ಶುರುವಾಗಿ ಅಲ್ಲೇ ಮುಗಿಯಬೇಕು. ಮೊದಲ ಸಲ ಅದು ತುಸು ತುದಿಯ ಕಡೆಗೆ ಸರಿದಿತ್ತು. ಎಲ್ಲ ಬಿಚ್ಚಿ, ಶಿಮ್ಮನ್ನು ಕೊಂಚ ದಪ್ಪ ಮಾಡಿ, ಮತ್ತೆ ಕೂರಿಸಿ, ಮತ್ತೆ ಬಳಿದು ನೋಡಿದರು. ವೇಗ ಏರುವಾಗ ತಾಗುವ ಉಬ್ಬು ಮೈ ಸರಿಯಾಯಿತು ಎನ್ನುವಾಗ ಕಾಲು ಬಿಟ್ಟಾಗ ತಾಗುವ ತಗ್ಗು ಮೈ ಒಪ್ಪಲಿಲ್ಲ. ಮತ್ತೆ ಬಿಚ್ಚಿದರು. ಆ ತಾಳ್ಮೆಯನ್ನು ನೋಡುತ್ತ ನಿಂತ ನನಗೆ ಒಂದು ಮಾತೂ ಆಡಬೇಕೆನಿಸಲಿಲ್ಲ.

ಬ್ಯಾಕ್‌ಲ್ಯಾಷ್ ವಿಷಯದಲ್ಲಿ ಅವರು ಮಾಡಿದ್ದೇ ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು. ಪಿನಿಯನ್ನನ್ನು ಅಲುಗದಂತೆ ಹಿಡಿದು ಕ್ರೌನನ್ನು ಅಲ್ಲಾಡಿಸಿದರೆ ಹಲ್ಲುಗಳ ನಡುವೆ ಸಿಗುವ ಆಟ ಅದು; ಡಯಲ್ ಗೇಜಿನ ಮುಳ್ಳನ್ನು ಹಲ್ಲಿನ ಹೊರ ಅಂಚಿಗೆ ತಾಗಿಸಿ ಅಳೆಯುತ್ತಾರೆ. ಹೊಸ ಗೇರಿಗೆ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್. ಬಹುತೇಕರು ಬಿಗಿಯಾದಷ್ಟೂ ಒಳ್ಳೆಯದು ಎಂದು ಭಾವಿಸಿ ಕೆಳಗಿನ ಅಂಕಿಗೆ ತರುತ್ತಾರೆ. ಈ ಜೋಡಿ ಹಳೆಯ ಕಾರಿನಲ್ಲಿ 0.25ರಲ್ಲಿ ಓಡುತ್ತಿತ್ತು ಎಂದು ಅಳೆದು ಬರೆದಿಟ್ಟಿದ್ದರಿಂದ ಅವರು ಅದನ್ನೇ ಹಿಡಿದರು. ಬಿಗಿ ಮಾಡಿದರೆ ಕ್ರೌನ್ ಪಿನಿಯನ್ನಿನತ್ತ ಸರಿಯುತ್ತದೆ, ಪಳಗಿದ ಮೈ ತಪ್ಪಿ ಹೊಸ ಮೈ ತಾಗುತ್ತದೆ, ಕೂಗು ಶುರುವಾಗುತ್ತದೆ. ಕೈಪಿಡಿಯಲ್ಲಿ ಒಪ್ಪಿದ ಅಳತೆಯೊಳಗೇ ಇದ್ದರೂ ಬಳಸಿದ ಗೇರುಗಳು ಸದ್ದು ಮಾಡುವುದಕ್ಕೆ ಇದು ದೊಡ್ಡ ಕಾರಣ ಎಂಬುದು ಅವರ ಅನುಭವ. ಕ್ರೌನಿನ ಸುತ್ತ ಹಲವು ಕಡೆ ಅಳೆದು, ಎಲ್ಲ ಕಡೆಯೂ ಹೆಚ್ಚೂಕಡಿಮೆ ಒಂದೇ ಬರುತ್ತದೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಗೇರು ಹಳೆಯದಾದರೂ ಬೇರಿಂಗ್, ಆಯಿಲ್ ಸೀಲ್, ಪಿನಿಯನ್ ನಟ್, ಅದುಮಿ ಕುಗ್ಗುವ ಕೊಳವೆಯಂಥ ಸ್ಲೀವ್ ಎಲ್ಲ ಹೊಸವು. ಈ ಸ್ಲೀವ್ ಒಂದೇ ಸಲದ್ದು. ಉದ್ದನೆಯ ಪೈಪು ಸಿಕ್ಕಿಸಿದ ಪಾನಾದಿಂದ ಮೈಭಾರ ಹಾಕಿ ನಟ್ ಬಿಗಿಯಬೇಕು. ಸ್ಲೀವ್ ಕುಗ್ಗಲು ಆರಂಭಿಸಿದ ಕೂಡಲೇ ಕೂದಲೆಳೆಯಷ್ಟೇ ತಿರುಗಿಸಿ, ನಿಲ್ಲಿಸಿ, ಪಿನಿಯನ್ ತಿರುಗಲು ಎಷ್ಟು ಬಲ ಬೇಕು ಎಂದು ಸಣ್ಣ ಟಾರ್ಕ್ ರೆಂಚಿನಿಂದ ನೋಡಬೇಕು. ಹೆಚ್ಚು ಬಿಗಿದು ಆಮೇಲೆ ಸಡಿಲಿಸಿದರೆ ನಡೆಯುವುದಿಲ್ಲ, ಹೊಸ ಸ್ಲೀವ್ ಹಾಕಿ ಮೊದಲಿನಿಂದ ಶುರು ಮಾಡಬೇಕು. ಅಷ್ಟು ಬಲದ ಕೆಲಸದ ಬೆನ್ನಿಗೇ ಅಷ್ಟು ನಾಜೂಕಿನ ಅಳತೆ ಮಾಡುವ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿತು.

ಹೈಪಾಯ್ಡ್ ಗೇರಿಗೆ ಬೇಕಾದ ಜಿಎಲ್-5 ದರ್ಜೆಯ ಆಯಿಲ್ ತುಂಬಿಸಿ ಕಾರು ಕೈಗೆ ಕೊಡುವಾಗ ಅವರು ಕಟ್ಟುನಿಟ್ಟು ಹೇಳಿದ್ದರು: ಮೊದಲ ಓಟ ಇಪ್ಪತ್ತೈದು ಕಿಲೋಮೀಟರಿಗೆ ಮೀರಬಾರದು, ಆಮೇಲೆ ಪೂರ್ತಿ ಆರಲು ಬಿಡಬೇಕು, ಹಲ್ಲು ಪಳಗಿದ್ದರೂ ಬೇರಿಂಗ್ ಹೊಸದು. ಹಾಗೆಯೇ ಮಾಡಿದೆ. 800 ಕಿಲೋಮೀಟರಿಗೆ ಆಯಿಲ್ ಬದಲಿಸಿದಾಗ ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಕೆಸರು ಮಾತ್ರ ಅಂಟಿತ್ತು. ಬೆರಳುಗಳ ನಡುವೆ ಉಜ್ಜಿದರೆ ಒಂದು ಚೂರೂ ಚುಚ್ಚಲಿಲ್ಲ.

ಓಡಿಸುವ ಅನುಭವ ಹೇಳಬೇಕೆಂದರೆ, ಕಾರಿನ ಸ್ವಭಾವವೇ ಬದಲಾಗಿದೆ. ಮೊದಲ ಗೇರು ಈಗ ಬಹಳ ಗಿಡ್ಡ. ಹೊರಟ ತಕ್ಷಣ ಎರಡನೆಯದು ಕೇಳುತ್ತದೆ. ಆದರೆ ತಿರುವಿನ ನಡುವೆ ಎರಡನೇ ಗೇರಿನಲ್ಲಿ ಕಾಲು ಇಟ್ಟರೆ ಎಂಜಿನ್ ಆಗಲೇ ಎಚ್ಚರವಾಗಿರುತ್ತದೆ, ಹಿಂದಿನ ಚಕ್ರಗಳು ಕಾರನ್ನು ತಳ್ಳಿಕೊಂಡು ಹೊರಡುತ್ತವೆ. ಏರಿನಲ್ಲಿ ಗೇರು ಇಳಿಸುವ ಪ್ರಮೇಯ ಕಡಿಮೆಯಾಗಿದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ವಿಶೇಷವಾಗಿ ಹೆದ್ದಾರಿಯಲ್ಲಿ. ಒಂದು ಸಂಗತಿ ಮರೆಯಬಾರದು: ವೇಗಮಾಪಕ ಗೇರ್‌ಬಾಕ್ಸಿನ ಹಿಂಭಾಗದಿಂದ ಚಲಿಸುವ ಕಾರುಗಳಲ್ಲಿ ಅದೂ ಶೇಕಡಾ 21ರಷ್ಟು ಹೆಚ್ಚು ತೋರಿಸುತ್ತದೆ. ನಿಜವಾದ ವೇಗ 80 ಇದ್ದಾಗ 97 ಎನ್ನುತ್ತದೆ, ಓಡಿದ ದೂರವನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸುತ್ತದೆ. ನನ್ನದರಲ್ಲಿ ಕೇಬಲ್ಲಿನ ತುದಿಯ 19 ಹಲ್ಲಿನ ಪ್ಲಾಸ್ಟಿಕ್ ಗೇರಿನ ಜಾಗಕ್ಕೆ 23 ಹಲ್ಲಿನದನ್ನು ಹಾಕಿದ ಮೇಲೆ ಅಂಕಿ ಸರಿಹೋಯಿತು.

ಬಳಸಿದ ಗೇರನ್ನೆಲ್ಲ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಕ್ರೌನ್ ಒಬ್ಬರಿಂದ, ಪಿನಿಯನ್ ಇನ್ನೊಬ್ಬರಿಂದ ತಂದು ಜೋಡಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ನಿಂತಲ್ಲಿಂದ ನೇರ ದಾರಿಯಲ್ಲಿ ನುಗ್ಗುವ ಡ್ರ್ಯಾಗ್ ರೇಸ್‌ಗಳಲ್ಲಿ ದಂಡಿಸಿದ ಗೇರು ಬೇಡ. ಆಗಲೇ ಬಿಚ್ಚಿ ಮೂಲೆಯಲ್ಲಿ ಎಸೆದಿದ್ದ, ಶಿಮ್ ಕಳೆದುಹೋದ, ಅಳತೆ ಗೊತ್ತಿಲ್ಲದ ಜೋಡಿಗಿಂತ ಹೊಸದೇ ವಾಸಿ. ಕೆಲವು ಆಕ್ಸಲ್ಲುಗಳಲ್ಲಿ ಅನುಪಾತ ಒಂದು ಮಿತಿ ದಾಟಿದರೆ ಕ್ರೌನನ್ನು ಹೊತ್ತಿರುವ ಕ್ಯಾರಿಯರ್ ಕೂಡ ಬೇರೆಯದೇ ಬೇಕಾಗುತ್ತದೆ. ಕೊಳ್ಳುವ ಮುನ್ನ ಅದನ್ನು ಕೇಳಿ ತಿಳಿದುಕೊಳ್ಳಿ.

ನನ್ನ ಕಾರಿನಿಂದ ಬಿಚ್ಚಿದ 3.08ರ ಜೋಡಿ ಈಗ ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿದೆ. ಅದನ್ನು ಬಿಚ್ಚುವ ಮೊದಲೂ ಬ್ಯಾಕ್‌ಲ್ಯಾಷ್ ಅಳೆಯಿಸಿದ್ದೆ. ಆ ಅಂಕಿ, ಶಿಮ್ಮಿನ ದಪ್ಪ, ಜೋಡಿ ಸಂಖ್ಯೆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕ್ರೌನಿಗೇ ಕಟ್ಟಿದ್ದೇನೆ, ಶಿಮ್ ಕೂಡ ಅದರ ಜೊತೆಗಿದೆ. ಹೆದ್ದಾರಿಯ ದೂರದ ಓಟಕ್ಕೆ ನಿಧಾನದ ಅನುಪಾತ ಬೇಕೆನ್ನುವವರು ಯಾರಾದರೂ ಸಿಕ್ಕರೆ ಪೆಟ್ಟಿಗೆ ಸಮೇತ ಕೊಡುತ್ತೇನೆ.