ಗುಡ್ಡೆಯಲ್ಲೇ ಮದ್ದು ಇರುವಾಗ ಲ್ಯಾಬಲ್ಲಿ ನಿಮಗೆ ಎಂತ ಕೆಲಸ?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಯಾವ ಮದುವೆಗೆ ಹೋದ್ರೂ ಊಟಕ್ಕೆ ಪಕ್ಕ ಕೂತವರು ಕೇಳುದು ಇದನ್ನೇ, ಮಾಷ್ಟ್ರೇ, ನಮ್ಮ ಗುಡ್ಡೆಯಲ್ಲಿ ಇಲ್ಲದ ಮದ್ದು ಉಂಟಾ, ಮತ್ತೆ ನೀವು ಕೆಮಿಕಲ್ ಕಲಸಿಕೊಂಡು ಎಂತ ಮಾಡುದು ಅಂತ. ಕೆಮಿಕಲ್ ಅಂದ್ರೆ ಇಲ್ಲಿಯವರಿಗೆ ಹೆದರಿಕೆ ಇರುದು ಸರಿಯೇ, ಗೇರುತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದ ಊರು ಇದು, ಹಾಗಾಗಿ ಆ ವಿಷಯಕ್ಕೆ ನಾನು ವಾದ ಮಾಡ್ಲಿಕ್ಕೆ ಹೋಗುದಿಲ್ಲ.

ಆದ್ರೆ ಗಿಡ ತನ್ನೊಳಗಿನ ಮದ್ದಿನ ಅಂಶವನ್ನೆಲ್ಲ ಮಾಡಿಕೊಳ್ಳುದು ಹುಳ ತಿನ್ನಬಾರದು ಅಂತ, ನಮ್ಮ ಕಾಯಿಲೆ ಅದಕ್ಕೆಂತ ಗೊತ್ತು. ಕ್ಯಾಂಪ್ಟೊಥೆಸಿನ್ ಅನ್ನುವ ಗಿಡದ ಅಂಶವನ್ನೇ ತಗೊಳ್ಳಿ. 1966ರಲ್ಲಿ ಅಮೆರಿಕದಲ್ಲಿ ವಾಲ್, ವಾನಿ ಅನ್ನುವವರು ಚೀನಾದ ಒಂದು ಮರದಿಂದ ತೆಗೆದದ್ದು, ನಮ್ಮ ಘಟ್ಟದ ನೊಥಾಪೊಡೈಟಿಸ್ ಮರದಲ್ಲೂ ಉಂಟು (ಅದಕ್ಕೇ ಕಡಿದು ಕಡಿದು ಮರ ಅಪರೂಪ ಆಗ್ತಾ ಬಂತು). ಕೋಶ ಎರಡಾಗುವ ಮೊದಲು ಡಿಎನ್‌ಎಯ ತಿರುಚು ಬಿಡಿಸುವ ಒಂದು ಎಂಜೈಮನ್ನು ಇದು ಅಲ್ಲೇ ಸಿಕ್ಕಿಸಿ ಹಾಕ್ತದೆ, ಕ್ಯಾನ್ಸರ್ ಕೋಶ ಸಾಯ್ತದೆ. ಆದ್ರೆ ನೀರಲ್ಲಿ ಕರಗುದೇ ಇಲ್ಲ ಮಾರಾಯ್ರೆ! ಕರಗ್ಲಿ ಅಂತ ಸೋಡಿಯಂ ಉಪ್ಪು ಮಾಡಿ ರೋಗಿಗಳಿಗೆ ಕೊಟ್ಟು ನೋಡಿದ್ರೆ ಮೂತ್ರಕೋಶದಲ್ಲಿ ರಕ್ತ ಬರ್ಲಿಕ್ಕೆ ಶುರು, ಕೈಬಿಡಬೇಕಾಯ್ತು. ಆಮೇಲೆ ಕೆಮಿಸ್ಟುಗಳು ಅದರ ಅಣುವಿನ ತುದಿಯ ರಿಂಗಿಗೆ ಒಂದು ಹೈಡ್ರಾಕ್ಸಿಲ್ (ಆಕ್ಸಿಜನ್, ಹೈಡ್ರೋಜನ್ ಜೋಡಿ), ಪಕ್ಕದಲ್ಲೇ ನೈಟ್ರೋಜನ್ ಇರುವ ಒಂದು ಸಣ್ಣ ಬಾಲ ಜೋಡಿಸಿದ್ರು, ಕರಗಿತು. ಅದೇ ಟೊಪೊಟೆಕಾನ್, 1996ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು.

ಇಂಥ ಬಾಲ ಜೋಡಿಸುದು, ತೆಗೆಯುದು, ಜಾಗ ಬದಲಿಸುದೇ ನಮ್ಮ ಕೆಲಸ. ರಿಯಾಕ್ಷನ್ ಇಟ್ಟು, ಅದು ಎಲ್ಲಿಗೆ ಬಂತು ಅಂತ ಆಗಾಗ ಟಿಎಲ್‌ಸಿ ನೋಡುದು, ಅಂದ್ರೆ ಸಿಲಿಕಾ ಬಳಿದ ಬೆರಳಗಲದ ಪ್ಲೇಟಿಗೆ ಕ್ಯಾಪಿಲರಿಯಲ್ಲಿ ಒಂದು ಚುಕ್ಕಿ ಇಟ್ಟು, ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ ದ್ರಾವಕದಲ್ಲಿ ಓಡಿಸಿ, ಯುವಿ ದೀಪದಡಿ ಹಿಡಿಯುದು. ಹಳೇ ಚುಕ್ಕಿ ಹೋಗಿ ಹೊಸದು ಒಂದೇ ಕಂಡ್ರೆ ಆ ದಿನ ಹಬ್ಬ, ಹೆಚ್ಚಾಗಿ ಕಾಣುದು ನಾಲ್ಕೈದು, ಮತ್ತೆ ಕಾಲಮ್ (ಸಿಲಿಕಾ ತುಂಬಿದ ಗಾಜಿನ ಕೊಳವೆ) ಹಾಕಿ ಬೇರೆ ಮಾಡ್ತಾ ಕೂತ್ಕೊಳ್ಳಿ. ಜುಲೈ ತಿಂಗಳಲ್ಲಂತೂ ಕಾಸರಗೋಡಿನ ಈ ಥಂಡಿಗೆ ನೀರು ಸೇರಿದ್ರೆ ಕೆಡುವ ಗ್ರಿಗ್ನಾರ್ಡ್ ರಿಯಾಕ್ಷನ್ ಸ್ಟಾರ್ಟೇ ಆಗುದಿಲ್ಲ, ಫ್ಲಾಸ್ಕ್ ಎಷ್ಟು ಕಾಯಿಸಿ ಒಣಗಿಸಿದ್ರೂ ನೀರಿನ ಪಸೆ ಎಲ್ಲಿಂದಲೋ ಬಂದು ಸೇರ್ತದೆ.

ಹಾಗಾದ್ರೆ ಮದ್ದು ಯಾವಾಗ ಬರ್ತದೆ ಅಂತ ಪಾಯಸ ಬರುವ ಹೊತ್ತಿಗೆ ಕೇಳ್ತಾರೆ. ಕ್ಯಾಂಪ್ಟೊಥೆಸಿನ್ ಸಿಕ್ಕಿ ಟೊಪೊಟೆಕಾನ್ ಆಗ್ಲಿಕ್ಕೇ 30 ವರ್ಷ ಹಿಡಿದದ್ದು, ನನ್ನ ಸರ್ವಿಸಲ್ಲಿ ಅಷ್ಟು ವರ್ಷ ಬಾಕಿ ಇಲ್ಲ.