‘ಬೆಕ್ಕಿನ ಮರಿಯ ಬಾಲದ ಕೆಳಗೆ ಕೆಂಪಗೆ ಏನೋ ಹೊರಬಂದಿದೆ, ಅದು ತಾನಾಗೇ ಒಳಗೆ ಹೋಗುತ್ತಾ?’

ಹೋಗುತ್ತದೆ ಅಂತ ಕಾಯಬೇಡಿ. ಇಷ್ಟೇ ನನ್ನ ಉತ್ತರ.

ಶಿವಮೊಗ್ಗದಲ್ಲಿ ಬೆಕ್ಕು ಸಾಕಿಕೊಂಡಿದ್ದೇನೆ ಅಂತ ಗೊತ್ತಿರುವವರೆಲ್ಲ ಫೋನ್ ಮಾಡಿ ಕೇಳುವುದು ಇದನ್ನೇ. ಹಾಗೆ ಹೊರಬಂದಿರುವುದು ಮೂಲವ್ಯಾಧಿನಾ? ಅಲ್ಲ. ತಿಣುಕಿ ತಿಣುಕಿ ಗುದನಾಳವೇ ಹೊರಗೆ ಬಂದಿದೆ. ಮಲ ಹಾಕುವಾಗ ಚೂರು ಕಂಡು ಒಳಗೆ ಹೋಗುವುದೂ ಉಂಟು. ಅದನ್ನೂ ಡಾಕ್ಟರಿಗೆ ತೋರಿಸಬೇಕು. ಹೊರಗೇ ಉಳಿದರೆ ಊದುತ್ತದೆ, ಒಣಗುತ್ತದೆ. ಮರಿ ನೆಕ್ಕಿ ಕಚ್ಚಿ ಗಾಯ ಮಾಡಿಕೊಳ್ಳುತ್ತದೆ. ಕಪ್ಪಗಾಯಿತು ಅಂದರೆ ಆ ಭಾಗ ಸಾಯುತ್ತಿದೆ, ಕತ್ತರಿಸಿ ತೆಗೆಯಬೇಕಾಗಬಹುದು.

ಒಮ್ಮೆ ತೀರ್ಥಹಳ್ಳಿ ಕಡೆಯವರೊಬ್ಬರು ಫೋನ್ ಮಾಡಿದ್ದರು. ಬಣ್ಣ ಹೇಗಿದೆ ಎಂದೆ. ‘ಹಳದಿ’ ಎಂದರು. ಅರಿಶಿನ ಮೆತ್ತಿದ್ದರು! ಕೆಂಪೋ ಕಪ್ಪೋ ತಿಳಿಯುವುದು ಹೇಗೆ? ಈಗಲೇ ಹೊರಡಿ ಎಂದರೆ, ‘ಬೆಕ್ಕಿಗೆಲ್ಲ ಅಷ್ಟು ಯಾಕೆ ಮಾರಾಯ್ರೆ, ಅಡಿಕೆ ಕೊಯ್ಲು ಮುಗೀಲಿ’ ಎಂದರು. ಕೊಟ್ಟಿಗೆಯ ಹಸುವಿಗೆ ಮೈ, ಅಂದರೆ ಗರ್ಭಕೋಶ, ಹೊರಬಂದರೆ ಇದೇ ಜನ ನಡುರಾತ್ರಿ ಡಾಕ್ಟರನ್ನು ಎಬ್ಬಿಸುತ್ತಾರೆ. ಬೆಕ್ಕಿಗೂ ನೋವಾಗುತ್ತದೆ ಅಲ್ವಾ? ಆ ಮಾತಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅರಿಶಿನ, ಬೂದಿ ಯಾವುದೂ ಬೇಡ. ಬೆರಳಿಂದ ತಳ್ಳುವುದೂ ಬೇಡ. ಸಲೈನ್‌ನಲ್ಲಿ ಅದ್ದಿದ ಮೆತ್ತನೆ ಬಟ್ಟೆ ಇಟ್ಟು ಒಣಗದಂತೆ ನೋಡಿಕೊಳ್ಳಿ. ನೆಕ್ಕಲು ಬಿಡಬೇಡಿ. ಅವತ್ತೇ ಕರೆದುಕೊಂಡು ಹೋಗಿ. ಡಾಕ್ಟರು ಅರಿವಳಿಕೆ ಕೊಟ್ಟು, ಸಕ್ಕರೆ ದ್ರಾವಣದಿಂದ ಊತ ಇಳಿಸಿ, ಒಳಗೆ ಸೇರಿಸಿ, ಚೀಲದ ಬಾಯಿ ಬಿಗಿದ ಹಾಗೆ ಸುತ್ತ ಹೊಲಿಗೆ ಹಾಕುತ್ತಾರೆ. ಮೆತ್ತನೆ ಮಲ ಹೋಗುವಷ್ಟು ಜಾಗ ಬಿಟ್ಟಿರುತ್ತಾರೆ. ಕೆಲವು ದಿನ ಬಿಟ್ಟು ಹೊಲಿಗೆ ಬಿಚ್ಚುತ್ತಾರೆ.

ಆದರೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಮರಿ ಅಷ್ಟು ತಿಣುಕಿದ್ದು ಯಾಕೆ? ಮರಿಗಳಲ್ಲಿ ಜಾಸ್ತಿ ಕಾಣುವುದು ಜಂತುಹುಳ ಮತ್ತು ಭೇದಿ. ಕೆಲವಕ್ಕೆ ಮಲಬದ್ಧತೆ. ಪ್ರೀತಿಯಿಂದ ಬಟ್ಟಲಿಗೆ ಸುರಿಯುವ ಹಸುವಿನ ಹಾಲಿಗೂ ಎಷ್ಟೋ ಮರಿಗಳಿಗೆ ಭೇದಿ ಹತ್ತುತ್ತದೆ. ಆ ಕಾರಣ ಹಾಗೇ ಉಳಿದರೆ ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಹೊರಬರಬಹುದು. ಜಂತುಹುಳದಲ್ಲೇ ಒಂದಾದ ದುಂಡುಹುಳ ತಾಯಿಯ ಹಾಲಿನಿಂದಲೇ ಮರಿಗೆ ಬರುತ್ತದೆ. ಮನೆಯಿಂದ ಹೊರಗೇ ಬಿಟ್ಟಿಲ್ಲ ಅನ್ನುವುದು ಅದಕ್ಕೇ ಲೆಕ್ಕಕ್ಕೆ ಬರುವುದಿಲ್ಲ. 3 ವಾರದ ಮರಿಗೇ ಹುಳದ ಔಷಧಿ ಶುರು ಮಾಡಬೇಕು, ಆಮೇಲೆ 2 ವಾರಕ್ಕೊಮ್ಮೆ, ಡಾಕ್ಟರು ತೂಕ ನೋಡಿ ಹೇಳಿದಷ್ಟು. ತಾಯಿಗೂ ಕೊಡಿಸಿ.

ಡಾಕ್ಟರ ಹತ್ತಿರ ಹೋಗುವಾಗ ಮರಿಯ ಮಲವನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಅಸಹ್ಯ ಪಡಬೇಡಿ, ಯಾವ ಹುಳ ಅಂತ ಗೊತ್ತಾಗುವುದು ಅದರಿಂದಲೇ.